ಎಡಗಡೆ ಸ್ಟೇರಿಂಗ್

ಮಿಲಿಟರಿಯವರು ಗುಜರಿಗೆ ಹಾಕಿದ್ದ ಹಳೇ ಜೀಪನ್ನು ಎರಡು ವರ್ಷ ಹೆಣಗಾಡಿ ಎಬ್ಬಿಸಿದ್ದೆ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅದರ ಸ್ಟೇರಿಂಗ್ ಎಡಕ್ಕಿತ್ತು. ಮೊದಲ ಸವಾರಿ, ಗೇರ್‌ಬಾಕ್ಸ್ ಹುಡುಕಿ ಕೊಟ್ಟ ಇಜೇರಿ ಗೌಡರಿಗೆ. ಅವರು ರೂಢಿಯಂತೆ ಎಡಗಡೆ ಹತ್ತಿ ಕೂತು, "ನಡೀರಿ" ಅಂದರು.

"ಗೌಡ್ರ, ಅದು ಡ್ರೈವರ್ ಸೀಟ್ರಿ."

"ಮಿಲಿಟರಿಯವರದು ಎಲ್ಲಾ ಉಲ್ಟಾ ಬಿಡ್ರಿ" ಎಂದು ಬಲಕ್ಕೆ ಸರಿದರು.

ಜೇವರ್ಗಿ ಬಜಾರ ಹೊಕ್ಕೆವು. ಇಂಜಿನ್ ಹಾಡುತ್ತಿತ್ತು, ಅದರ ಜೊತೆ ನಾನೂ. ಗೌಡರು ಗುರುತಿನವರಿಗೆಲ್ಲ ಎರಡೂ ಕೈಯೆತ್ತಿ ನಮಸ್ಕರಿಸತೊಡಗಿದರು. ಬಲಗಡೆ ಕೂತವರು ಸ್ಟೇರಿಂಗ್ ಬಿಟ್ಟು ಕೈಮುಗಿಯುತ್ತಿದ್ದಾರೆಂದು ತಿಳಿದ ಜನ ಸೈಕಲ್ ಬಿಸಾಕಿ ಗಟಾರ ಹಾರಿದರು.

ಗೌಡರು ಹಿಗ್ಗಿ ನನ್ನತ್ತ ತಿರುಗಿದರು. "ಇಜೇರಿ ಗೌಡ ಬಂದಾನಂದ್ರ ಹೆಂಗ ದಾರಿ ಬಿಡಾಕತ್ತಾರ ನೋಡ್ರಿ."

"ಹೌದ್ರಿ" ಅಂದೆ. ಗೇರ್‌ಬಾಕ್ಸ್ ಹುಡುಕಿ ಕೊಟ್ಟವರು ಅವರಲ್ಲವೇ.