ಅಂಟಿನ ಕೋಣೆಯ ಒರೆಸಣ್ಣ

ಕೃತಕ ಕಾಲು ಮಾಡುವ ಕಾರ್ಖಾನೆಯಲ್ಲಿ ಮೊಂಡುಗಾಲು ಕೂರುವ ಫೈಬರ್ ಬಟ್ಟಲನ್ನು ಲೋಹದ ಕೊಳವೆಗೆ ಅಂಟಿಸುವವನಿಗೆ ಎಲ್ಲರೂ ಇಟ್ಟ ಹೆಸರು ಒರೆಸಣ್ಣ. ಅಂಟು ಹಚ್ಚುವ ಮುಂಚೆ ಲೋಹವನ್ನು ಉಜ್ಜಿ, ಒರೆಸಿ, ಮತ್ತೆ ಒರೆಸಿ, ಯಾರಾದರೂ ಹತ್ತಿರ ಸುಳಿದರೆ "ಮುಟ್ಟೀರಿ ಜೋಕೆ! ಬೆರಳಿನ ಜಿಡ್ಡು ತಾಕಿದ್ರೂ ಅಂಟು ಕೈಕೊಡುತ್ತೆ" ಎಂದು ಹಾರಿಬೀಳುತ್ತಾನೆ. ಮನೆಯಲ್ಲೂ ಅದೇ ಚಾಳಿ. ತೊಳೆದಿಟ್ಟ ತಟ್ಟೆಯನ್ನು ಮತ್ತೆ ಒರೆಸುತ್ತಾನೆ, "ನನ್ನ ಮುಖಾನೂ ಒರೆಸಿ ಎಲ್ಲಿಗಾದ್ರೂ ಅಂಟಿಸಿಬಿಡಿ" ಎಂದು ಹೆಂಡತಿ ನಗುತ್ತಾಳೆ. ಇಂಥವನೂ ಒಮ್ಮೆ, ಭಾವಮೈದುನನ ಮದುವೆಗೆ ಹೊರಡುವ ಆತುರದಲ್ಲಿ, ಒಂದು ಕೊಳವೆಯನ್ನು ಒರೆಸದೆಯೇ ಅಂಟಿಸಿಬಿಟ್ಟ. ಆ ಕಾಲು ತೊಟ್ಟ ಟೀಚರಮ್ಮ ಪಾಠದ ನಡುವೆ ಮಕ್ಕಳೆದುರೇ ಬಿದ್ದರು. ಕಳಚಿದ ಕಾಲನ್ನು ಚೀಲದಲ್ಲಿ ತಂದು, "ನಾನೇ ಒರಟಾಗಿ ನಡೆದೆ ಅನ್ಸುತ್ತೆ ಅಣ್ಣಾ, ಬೇಜಾರ್ ಮಾಡ್ಕೋಬೇಡಿ" ಎಂದರು. ಅಂಟು ಬಿಟ್ಟ ಜಾಗದಲ್ಲಿ ಜಿಡ್ಡು ಮಿರಮಿರ ಮಿಂಚುತ್ತಿತ್ತು. ತಪ್ಪು ನನ್ನದಮ್ಮಾ ಎನ್ನಲು ಒರೆಸಣ್ಣ ಬಾಯಿ ತೆರೆದ. ಆದರೆ ಜಿಡ್ಡಿನ ವಿಷಯಕ್ಕೆ ಅವನಿಂದ ಬೈಸಿಕೊಂಡ ಕೆಲಸಗಾರರೆಲ್ಲ ಸುತ್ತ ನಿಂತಿದ್ದರು. "ಇನ್ಮೇಲೆ ಸ್ವಲ್ಪ ಹುಷಾರಾಗಿ ನಡೀರಿ" ಎಂದುಬಿಟ್ಟ. "ಆಗ್ಲಿ ಅಣ್ಣಾ" ಎಂದು ಆಕೆ ತಲೆಯಾಡಿಸಿದರು. ಹೊಸ ಕಾಲನ್ನು ಜೀವ ತೇದು ಅಂಟಿಸಿಕೊಟ್ಟ, ಅದು ಬಂಡೆಯಂತಿದೆ. ಆದರೂ ಟೀಚರಮ್ಮ ತಪಾಸಣೆಗೆ ಬಂದಾಗಲೆಲ್ಲ ಅವನ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತ, ಗೋಡೆ ಹಿಡಿದು, ಹೆಜ್ಜೆಹೆಜ್ಜೆಗೂ ಅಂಜುತ್ತ ನಡೆದುಬರುತ್ತಾರೆ. ಅವರು ಕುರ್ಚಿ ತಲುಪುವವರೆಗೂ ಒರೆಸಣ್ಣನಿಗೆ ತಲೆ ಎತ್ತಲಾಗುವುದಿಲ್ಲ.