ನನ್ನ ಮೋಟರಿಗೆ ತಗುಲಿದ ಎಣ್ಣೆ

ನನ್ನ ಮೈದುನನ ಹೆಂಡತಿಯ ಮೋಟರು ನನ್ನದಕ್ಕಿಂತ ಮೊದಲು ಓಡಿತು. ಆ ಕೆಲಸ ಶುರು ಮಾಡಿದವಳು ನಾನು. ಅವಳಿಗೆ ಅದರ ಹುಚ್ಚು ಹತ್ತಿಸಿದವಳೂ ನಾನೇ.

ನಾವಿಬ್ಬರೂ ಹೊನ್ನವಳ್ಳಿಯ ಒಂದೇ ಮನೆಯ ಸೊಸೆಯರು. ಒಂದೇ ಸ್ಕೂಟರಿನಲ್ಲಿ ತಿಪಟೂರಿಗೆ ಹೋಗಿ ಒಂದೇ ಕಾಲೇಜಿನಲ್ಲಿ ಪಾಠ ಮಾಡುತ್ತೇವೆ. ನಾನು ಎಲೆಕ್ಟ್ರಾನಿಕ್ಸ್, ಅವಳು ಮೆಕ್ಯಾನಿಕಲ್. ಮನೆಯಲ್ಲಿ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯನ್ನು ಅತ್ತೆ ನನಗೆ ಬಿಟ್ಟುಕೊಟ್ಟಿದ್ದರು. ಮೇಲೆ ವರ್ಷವಿಡೀ ಒಣಗುತ್ತಾ ಕೂತ ಕಾಯಿ, ಕೆಳಗೆ ನನ್ನ ಮೇಜು.

ನಾನು ಮಾಡಲು ಹೊರಟಿದ್ದು ಪೀಜೋ ಮೋಟರು. ಅಡುಗೆಮನೆಯ ಗ್ಯಾಸ್ ಲೈಟರ್ ಒತ್ತಿದರೆ ಕಿಡಿ ಹಾರುತ್ತದಲ್ಲ, ಅದರೊಳಗಿನ ಹರಳಿಗೆ ಪೆಟ್ಟು ಬಿದ್ದು ವಿದ್ಯುತ್ ಹುಟ್ಟುತ್ತದೆ. ಅದನ್ನೇ ತಿರುವುಮುರುವು ಮಾಡಿ, ಅಂಥದ್ದೇ ಒಂದು ಬಿಲ್ಲೆಗೆ ವಿದ್ಯುತ್ ಕೊಟ್ಟರೆ ಬಿಲ್ಲೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗುತ್ತದೆ. ಅದರ ಮೇಲೆ ಒಂದು ಚಕ್ರವನ್ನು ಸ್ಪ್ರಿಂಗಿನಿಂದ ಒತ್ತಿ ಕೂರಿಸಿದರೆ ಆ ನಡುಕವೇ ಚಕ್ರವನ್ನು ಹಿಡಿದು ಹಿಡಿದು ಮುಂದಕ್ಕೆ ತಳ್ಳುತ್ತದೆ. ಸುತ್ತಿದ ತಂತಿ ಇಲ್ಲ, ಅಯಸ್ಕಾಂತ ಇಲ್ಲ. ಓಡುವ ಮೋಟರು ತೋರಿಸಿದರೆ ಪೇಟೆಂಟಿಗೆ ಅರ್ಜಿ ಹಾಕುತ್ತೇವೆ ಎಂದು ಕಾಲೇಜಿನವರು ಹೇಳಿದ್ದರು. ನನ್ನ ಹೆಸರಿನಲ್ಲಿ ಒಂದು ಪೇಟೆಂಟು! ನನಗೆ ಬೇಕಾಗಿದ್ದುದು ಅದೊಂದೇ.

ನನ್ನದು ಒಂದು ಸುತ್ತು ತಿರುಗಿ, ಎರಡನೆಯದಕ್ಕೆ ಮೆಲ್ಲಗೆ ಜಾರಿ ನಿಲ್ಲುತ್ತಿತ್ತು. ವರ್ಷ ಕಳೆದರೂ ಅದೇ ಹಾಡು. ಬಿಲ್ಲೆ ಬದಲಾಯಿಸಿದೆ, ಸ್ಪ್ರಿಂಗ್ ಬಿಗಿ ಮಾಡಿದೆ, ಸರ್ಕಿಟ್ಟು ಕಿತ್ತು ಮತ್ತೆ ಕಟ್ಟಿದೆ. ಅಷ್ಟರಲ್ಲಿ ನನ್ನ ವಾರಗಿತ್ತಿ ಅದೇ ಮೇಜಿನ ಮೂಲೆಯಲ್ಲಿ, ನಾನೇ ಕೊಟ್ಟ ಬಿಲ್ಲೆಗಳಲ್ಲಿ, ಒಂದು ಸರಳನ್ನು ಹುಳದ ಹಾಗೆ ತೆವಳಿಸುವ ಬೇರೊಂದು ಬಗೆಯ ಮೋಟರು ಕಟ್ಟತೊಡಗಿದಳು. ಪ್ರತಿಯೊಂದನ್ನೂ ಹತ್ತಿಯಲ್ಲಿ ಒರೆಸಿ ಒರೆಸಿ ಇಡುವ ಅವಳ ಮಡಿ ನೋಡಿ ನನಗೆ ನಗು ಬರುತ್ತಿತ್ತು. ಒಂದು ದಿನ ಸ್ವಿಚ್ ಹಾಕಿದಳು. ಸರಳು ಸುಮ್ಮನೆ ಹೊರಟಿತು, ನಿಲ್ಲಿಸಿದ ಕಡೆ ನಿಂತಿತು, ಹಿಂದಕ್ಕೂ ಬಂತು.

"ಅಕ್ಕಾ, ಓಡ್ತು ನೋಡಿ!" ಎಂದು ನನ್ನ ಕೈ ಹಿಡಿದಳು.

"ಚೆನ್ನಾಗೈತೆ ಕಣೇ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಕರೆಂಟು ಹೋಗಲಿ, ಈಗಲೇ ಹೋಗಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಬೇರೆ ದಿನ ಹೇಳದೆ ಕೇಳದೆ ಹೋಗುವ ಕರೆಂಟು ಅವತ್ತು ಕದಲಲಿಲ್ಲ.

ಒಂದೇ ಒಂದು ವಿಷಯದಲ್ಲಿ ನಾನು ಅವಳಿಗಿಂತ ಮೇಲಿದ್ದೆ. ನಮ್ಮತ್ತೆ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಜಗಲಿಯಲ್ಲಿ ಕೂರುತ್ತಿದ್ದರು. ನಮ್ಮದೇ ತೋಟದ ಕೊಬ್ಬರಿ, ಗಾಣದಲ್ಲಿ ಆಡಿಸಿದ್ದು. ನಾನು ಮುಂದೆ ಕೂತರೆ ಬುಡದಿಂದ ತುದಿಯವರೆಗೆ ತಿಕ್ಕಿ ಜಡೆ ಹಾಕುವರು. ವಾರಗಿತ್ತಿ ಮಾತ್ರ ಭುಜದವರೆಗೆ ಕತ್ತರಿಸಿದ ಕೂದಲನ್ನು ಹಾರಾಡಿಸಿಕೊಂಡು, "ಬ್ಯಾಡ ಅತ್ತೆ, ಜಿಡ್ಡಾಯ್ತದೆ" ಎಂದು ತಪ್ಪಿಸಿಕೊಳ್ಳುವಳು.

"ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರಂತೆ. ತೆಂಗಿನ ಸೀಮೇಲಿ ಹುಟ್ಟಿ ತಲೆ ನೋಡು, ಒಣಗರಿ ಆಗೈತೆ" ಎಂದು ಅತ್ತೆ ಅವಳನ್ನು ಬೈದರೆ ನನಗೆ ಹಬ್ಬ. "ದೊಡ್ಡೋಳನ್ನ ನೋಡಿ ಕಲ್ತ್ಕಳವ್ವ" ಎಂಬ ಕೊನೆಯ ಮಾತಿಗಾಗಿ ಕತ್ತು ಅಲುಗಿಸದೆ ಕಾಯುತ್ತಿದ್ದೆ.

ಅವಳದು ಓಡಿದ ಮೇಲಿನ ಭಾನುವಾರ, ನನ್ನದು ಮತ್ತೆ ಜಾರುವುದನ್ನು ಅವಳು ನಿಂತು ನೋಡಿದಳು.

"ಅಕ್ಕ, ಬಿಚ್ಚಿ ನೋಡ್ಲಾ?"

ಬೇಡ ಎನ್ನಲು ನೆಪ ಸಿಗಲಿಲ್ಲ. ಬಿಚ್ಚಿದಳು. ಬಿಲ್ಲೆಯ ಮೇಲೆ ಬೆರಳು ಸವರಿ ಮೂಗಿನ ಹತ್ತಿರ ಹಿಡಿದಳು. "ಇದಕ್ಕೆ ಕೊಬ್ಬರಿ ಎಣ್ಣೆ ಬಿಟ್ರಾ?"

"ಇದಕ್ಯಾಕೆ ಬಿಡ್ಲಿ? ಮೇಲೆ ಚಕ್ರದ ಶಾಫ್ಟಿಗೆ ಒಂದು ತೊಟ್ಟು, ಅಷ್ಟೆ. ಕಿರುಗುಟ್ತಿತ್ತು ಕಣೇ."

ನಮ್ಮ ಕಡೆ ಕಿರುಗುಟ್ಟಿದ್ದಕ್ಕೆಲ್ಲ ಕೊಬ್ಬರಿ ಎಣ್ಣೆಯೇ ಮದ್ದು. ಬಾಗಿಲಿನ ಕೀಲು, ಹೊಲಿಗೆ ಮೆಷಿನ್ನು, ತೂಗುಮಂಚದ ಸರಪಳಿ, ಕೊನೆಗೆ ರಚ್ಚೆ ಹಿಡಿದ ಕೂಸಿನ ಹೊಟ್ಟೆ. ಕೈ ತಾನಾಗಿಯೇ ಬಟ್ಟಲಿಗೆ ಹೋಗುತ್ತದೆ, ತಲೆಯನ್ನು ಕೇಳುವುದಿಲ್ಲ. ಘರ್ಷಣೆಯ ಹಿಡಿತದಿಂದಲೇ ಓಡುವ ಮೋಟರಿಗೆ ಜಿಡ್ಡು ವಿಷ ಎಂದು ಹುಡುಗರಿಗೆ ಬೋರ್ಡಿನ ಮೇಲೆ ಬರೆದು ಹೇಳಿದವಳು ನಾನು. ಶಾಫ್ಟಿಗೆ ಬಿಟ್ಟ ತೊಟ್ಟು ಒಳಕ್ಕಿಳಿದಿತ್ತು. ಹೊಸ ಬಿಲ್ಲೆ ಕೂರಿಸುವಾಗಲೆಲ್ಲ, ಆಗಷ್ಟೇ ಜಡೆ ಹಿಂದಕ್ಕೆ ಸರಿಸಿದ ಕೈಯಲ್ಲೇ ಕೂರಿಸಿದ್ದೆ.

ಅವಳು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬಿಲ್ಲೆ, ಚಕ್ರ, ಶಾಫ್ಟು ಎಲ್ಲವನ್ನೂ ಒರೆಸಿದಳು. ನನ್ನನ್ನು ಮುಟ್ಟಗೊಡಲಿಲ್ಲ. ಸ್ವಿಚ್ ಹಾಕಿದ್ದೂ ಅವಳೇ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ನಾನು ಕುಣಿದಾಡಬೇಕಿತ್ತು. ಹೆತ್ತವಳು ನಾನು, ಮೊದಲು ನಡೆಸಿದವಳು ಅವಳು ಎಂದು ಉರಿದುಹೋದೆ.

ಮಾರನೆಯ ಬೆಳಿಗ್ಗೆ ಅತ್ತೆ ಕರೆದಾಗ, "ಬ್ಯಾಡ ಅತ್ತೆ, ಇನ್ಮೇಲೆ ಎಣ್ಣೆ ಮುಟ್ಟಂಗಿಲ್ಲ, ಮೋಟರ್ ಕೆಡ್ತದೆ" ಎಂದೆ. ಅವರು ಬಟ್ಟಲು ಮುಚ್ಚಿದರು. ನಾನು ಸೋಪಿನಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆದು ಮೇಜಿನ ಮುಂದೆ ಕೂತೆ. ಮೋಟರು ಅವತ್ತೂ ಓಡಿತು, ಆಮೇಲೂ ಓಡಿತು. ಕಾಲೇಜಿನವರು ಅವಳದಕ್ಕೂ ನನ್ನದಕ್ಕೂ ಅರ್ಜಿ ಹಾಕಿದರು. ನನಗೆ ಬೇಕಾದ್ದು ಸಿಕ್ಕ ಹಾಗೆಯೇ ಆಗಿತ್ತು.

ಅರ್ಜಿ ಹೋದ ಮಾರನೆಯ ದಿನ ಕಾಫಿ ಲೋಟ ಹಿಡಿದು ಜಗಲಿಗೆ ಬಂದರೆ, ನಾನು ಕೂರುತ್ತಿದ್ದ ಜಾಗದಲ್ಲಿ ಅವಳು ಕೂತಿದ್ದಳು. "ನನ್ ಕೆಲಸ ಮುಗೀತಲ್ಲ ಅತ್ತೆ, ಹಾಕಿ. ಈ ಮನೆಗೆ ಬಂದಾಗಿಂದ ಆಸೆ ಇತ್ತು" ಎನ್ನುತ್ತಿದ್ದಳು. ಅತ್ತೆಯ ಬೆರಳುಗಳು ಆ ಮೋಟುಗೂದಲಿನೊಳಗೆ ಓಡಾಡುತ್ತಿದ್ದವು. ಅವಳು ಕಣ್ಣು ಮುಚ್ಚಿದ್ದಳು. ನಾನು ಲೋಟ ಕೆಳಗಿಟ್ಟು ಪಕ್ಕದಲ್ಲಿ ಕೂರಲು ಹೋದೆ.

ಅತ್ತೆ ಎಣ್ಣೆಯ ಕೈಯನ್ನು ದೂರ ಎತ್ತಿ ಹಿಡಿದು, ಅಕ್ಕರೆಯಿಂದಲೇ ಹೇಳಿದರು: "ನೀನು ಅತ್ಲಾಗಿರವ್ವ. ಎಣ್ಣೆ ತಗುಲ್ಬಿಟ್ಟಾತು."