ನಾಲ್ಕನೇ ನಂಬರಿನ ಪಿಟೀಲು

ಹೇಳಿದರೆ ನೀವು ನಂಬುವುದಿಲ್ಲ. ವಿಯೆನ್ನಾದವನೊಬ್ಬ ಇನ್ನೂರು ವರ್ಷದ ಹಿಂದೆ ನಾಲ್ಕು ಪಿಟೀಲಿಗೆಂದು ಬರೆದ ಒಂದೇ ಒಂದು ಹಾಡನ್ನು ಕೆ.ಎಂ.ದೊಡ್ಡಿಯಲ್ಲಿ ಕೂತು ನೂರಾರು ಸಲ ಕೇಳಿದ ಪಿಯುಸಿ ಹುಡುಗಿ ನಾನು. ಎರಡು ಸಣ್ಣ ಪಿಟೀಲು, ಒಂದು ನಡುಗಾತ್ರದ್ದು, ಒಂದು ಮೊಣಕಾಲ ಮಧ್ಯೆ ನಿಲ್ಲಿಸಿಕೊಳ್ಳುವ ದಢೂತಿ. ಇಡೀ ಮದ್ದೂರು ತಾಲ್ಲೂಕಿನಲ್ಲಿ ಇಂಥ ಇನ್ನೊಬ್ಬಳನ್ನು ತೋರಿಸಿ, ನೋಡೋಣ. ಮೊನ್ನೆ ನಮ್ಮೂರ ಸಕ್ಕರೆ ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿ ಕಾಕಂಬಿ ವಾಸನೆ ಕಿಟಕಿಯಿಂದ ನುಗ್ಗಿದಾಗ ಪಕ್ಕದ ಮನೆಯ ತಾತ ನೆನಪಾದರು...

ತಾತ ಕಾರ್ಖಾನೆಯ ಲ್ಯಾಬಿನಲ್ಲಿದ್ದವರು. ಅಲ್ಲಿ ಕಬ್ಬಿನ ಹಾಲು ಪರೀಕ್ಷಿಸುವಾಗ ಸೀಸೆಯ ಮೇಲೆ ಬೆಳೆದವನ ಹೆಸರು ಇರುತ್ತಿರಲಿಲ್ಲವಂತೆ, ಬರೀ ನಂಬರು. ರಿಟೈರಾದ ಮೇಲೆ ಅದೇ ಕಾನೂನನ್ನು ಪಿಟೀಲಿಗೂ ಹಾಕಿದರು. ಅದೇ ಹಾಡು, ನಾಲ್ಕು ಬೇರೆ ಬೇರೆ ತಂಡ, ನಾಲ್ಕು ರೆಕಾರ್ಡು. ಎಲ್ಲಕ್ಕೂ ನ್ಯೂಸ್ ಪೇಪರ್ ಸುತ್ತಿ ಪೆನ್ಸಿಲ್ಲಿನಲ್ಲಿ ನಂಬರು ಬರೆದಿದ್ದರು.

"ಎಸ್ರು ನೋಡ್ಬುಟ್ರೆ ಕಿವಿ ಮೋಸೋಯ್ತದೆ ಕಣವ್ವ. ಕೇಳು, ಯಾವ್ದು ಎಂಗದೆ ಅಂತ ಏಳು."

ಹೇಳುವುದೇನು ಮಣ್ಣು! ನನಗೆ ನಾಲ್ಕೂ ಒಂದೇ, ಎಣ್ಣೆ ಕಾಣದ ಬಾಗಿಲನ್ನು ನಾಲ್ಕು ಮನೆಯವರು ತೆಗೆದಂತೆ. ಪ್ರತಿ ಭಾನುವಾರ ನಾಲ್ಕನ್ನೂ ಕೇಳಿ ಮುಗಿಸುವಷ್ಟರಲ್ಲಿ ಮಂಡ್ಯಕ್ಕೆ ನಡೆದೇ ಹೋಗಬಹುದಿತ್ತು. ಆದರೆ "ಗೊತ್ತಾಗಲ್ಲ" ಅನ್ನುವ ಮಾತು ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಬಂದಿಲ್ಲ. ಒಂದು ಬುರುಡೆ ಬಿಟ್ಟೆ.

"ತಾತ, ಎರಡ್ನೇದು ಎಳೆ ಕಬ್ಬು. ಮೂರ್ನೇದು ಒಣಗೋಗದೆ. ನಾಕ್ನೇದು ಬಲ್ತಿರೋದು, ಕಚ್ಚುದ್ರೆ ಮೊಣಕೈಗಂಟ ರಸ ಸೋರ್ತದೆ!"

"ಸಕ್ರೆ ಎಷ್ಟ್ ಪರ್ಸೆಂಟಿರಬೋದು?"

"ಹತ್ತೂವರೆ!"

ತಾತ ಅದನ್ನೂ ಒಂದು ಪುಸ್ತಕದಲ್ಲಿ ನಂಬರಿನ ಮುಂದೆ ಬರೆದುಕೊಂಡರು. ಬರೆದದ್ದೇ ಅಲ್ಲದೆ, "ಇನ್ನೊಂದ್ ದಪ ಏಳವ್ವ, ಜೋರಾಗಿ" ಎನ್ನುವರು. ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಒಂದು ಸುಳ್ಳನ್ನು ಎಷ್ಟು ಸಲ ಹೊಸದಾಗಿ ಹೇಳುವುದು?

ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ನಾಲ್ಕನೇದು ಓಡುವಾಗ ಕರೆಂಟು ಹೋಯಿತು. ಪಿಟೀಲುಗಳು ಉಸಿರು ಕಟ್ಟಿ ನಿಂತವು. ದೇವರು ಕಣ್ಣು ಬಿಟ್ಟ ಅಂದುಕೊಂಡೆ. ತಾತ ಬಿಡಲಿಲ್ಲ. ಕಣ್ಣು ಮುಚ್ಚಿ ತಲೆದೂಗುತ್ತಲೇ ಇದ್ದರು. ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಲೇ ಇತ್ತು. ಐದು ನಿಮಿಷ... ಹತ್ತು ನಿಮಿಷ... ಹೊರಗೆ ಕಬ್ಬಿನ ಟ್ರಾಕ್ಟರು ಬಿಟ್ಟರೆ ಒಂದು ಸದ್ದಿಲ್ಲ.

ಆಗ ತಿಳಿಯಿತು. ಜೋರು ಮಾತು ಬಿಟ್ಟರೆ ತಾತನಿಗೆ ಏನೂ ಕೇಳಿಸುತ್ತಿರಲಿಲ್ಲ. ಹಾಡನ್ನು ನೆನಪಿನಲ್ಲೇ ಓಡಿಸುತ್ತಿದ್ದರು. ಯಾವ ತಂಡ ಹೇಗೆ ನುಡಿಸುತ್ತದೆ ಅನ್ನುವುದು ಮಾತ್ರ ನನ್ನ ಬಾಯಿಂದ ಬರಬೇಕಿತ್ತು. ನಾನು ಕಬ್ಬಿನ ಕಥೆ ಹೊಡೆಯುತ್ತಿದ್ದೆ.

ಕೊನೆಗೊಮ್ಮೆ ಕಣ್ಣು ತೆರೆದರು. "ಎಂಗಿತ್ತವ್ವ ಇವತ್ತು ನಾಕ್ನೇದು?"

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ... ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತು ಕೂಗಿದಳು.

"ಅಯ್ಯೋ, ಕರೆಂಟೋಗಿ ಎಷ್ಟೊತ್ತಾಯ್ತು, ಇಬ್ರೂವೆ ಅದೇನ್ ಕೇಳ್ತಾ ಕುಂತಿದ್ದೀರಿ? ಏಳ್ಲೇ ಮೇಲೆ, ನಾಳೀಕೆ ಪರೀಕ್ಸೆ ಮಡಿಕ್ಕಂಡು!"

ಅಷ್ಟೂ ತಾತನಿಗೆ ಕೇಳಿಸಿತು. ನಿಂತ ರೆಕಾರ್ಡು ನೋಡಿದರು, ನನ್ನ ಮುಖ ನೋಡಿದರು. ಪುಸ್ತಕ ಮುಚ್ಚಿದರು.

"ಓಗವ್ವ, ಓದ್ಕೋ."

ಆಮೇಲೆ ಅವರು ಕರೆಯಲಿಲ್ಲ, ನಾನೂ ಹೋಗಲಿಲ್ಲ... ಮಳೆ ಶುರುವಾಗುವ ಹೊತ್ತಿಗೆ ತೀರಿಕೊಂಡರು. ಅವರ ಮಗಳು ಪೇಪರು ಬಿಚ್ಚಿದಾಗ ನಾಲ್ಕು ತಂಡದ ಹೆಸರೂ ಬರೆದುಕೊಂಡು ಬಂದೆ. ಈಗ ಫೋನಿನಲ್ಲಿ ಕೇಳುತ್ತೇನೆ, ಬಾಯಿ ಮುಚ್ಚಿಕೊಂಡು. ಮೂರನೇ ತಂಡದವರು ನಿಧಾನದ ಭಾಗದಲ್ಲಿ ಒಂದು ಕಡೆ ದಢೂತಿ ಪಿಟೀಲಿಗಾಗಿ ಕಾಯುತ್ತಾರೆ, ಓಡಿಬರುವ ಅಜ್ಜಿಗಾಗಿ ಬಸ್ಸು ನಿಲ್ಲಿಸಿದಂತೆ. ನಾಲ್ಕನೇದವರು ಕಾಯುವುದಿಲ್ಲ.

ಮೂರನೇದೇ ಮೇಲು ತಾತ. ತಪ್ಪು ಬರೆಸಿಬಿಟ್ಟೆ.